ಹನ್ನೊಂದನೇ ತರಗತಿಯ ಎಡಗೈ ಪಿಚರ್: ಕಾಲೇಜಿನಲ್ಲಿ ಆಡುವ ಆಸೆಗೆ ದಾರಿ ಎಲ್ಲಿದೆ?

ಎಡಗೈಯವನ ಅಮ್ಮ (ಕೇರಿ, ನಾರ್ತ್ ಕ್ಯಾರೊಲಿನಾ) | ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಇಲ್ಲಿಗೆ ಬಂದು ಹದಿನೆಂಟು ವರ್ಷಗಳಾದವು. ಹದಿನಾರು ವರ್ಷದ ಮಗ ಹನ್ನೊಂದನೇ ತರಗತಿಯಲ್ಲಿದ್ದಾನೆ, 2027ರ ಬೇಸಿಗೆಗೆ ಹೈಸ್ಕೂಲ್ ಮುಗಿಯುತ್ತದೆ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಎಡಗೈ ಪಿಚರ್, ಅಂದರೆ ಬ್ಯಾಟುಗಾರನಿಗೆ ಚೆಂಡು ಎಸೆಯುವವನು. ಎತ್ತರ ಐದು ಅಡಿ ಹನ್ನೊಂದು ಇಂಚು, ಚೆಂಡಿನ ವೇಗ ಗಂಟೆಗೆ 82 ಮೈಲಿ, ನಮ್ಮ ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 132 ಕಿಲೋಮೀಟರ್. ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಅಂಕಗಳ ಸರಾಸರಿ, 3.9. ಎಂಟನೇ ವಯಸ್ಸಿನಿಂದಲೂ ಅವನ ಆಸೆ ಒಂದೇ, ಕಾಲೇಜಿನ ತಂಡದಲ್ಲಿ ಆಡಬೇಕು. ಮೇಜರ್ ಲೀಗ್, ದುಡ್ಡು, ಟಿವಿ ಎಂಬ ಮಾತುಗಳನ್ನು ಅವನ ಬಾಯಲ್ಲಿ ನಾನು ಕೇಳಿಲ್ಲ.

ಇಲ್ಲಿನ ಕಾಲೇಜು ಕ್ರೀಡೆಯ ಮೂರು ಮಟ್ಟಗಳಲ್ಲಿ ಎಲ್ಲಕ್ಕಿಂತ ಮೇಲಿನದಾದ ಡಿವಿಷನ್ ಒಂದರ ಕಾಲೇಜುಗಳ ಕೋಚ್‌ಗಳು ಹುಡುಗರೊಡನೆ ನೇರವಾಗಿ ಮಾತನಾಡಬಹುದಾದದ್ದು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ. ಆ ದಿನ ಹುಟ್ಟುವ ಹೊತ್ತಿಗೆ, ರಾತ್ರಿ ಹನ್ನೆರಡೂಕಾಲಿಗೆ, ನೀರು ಕುಡಿಯಲೆಂದು ನಾನು ಅಡುಗೆಮನೆಗೆ ಹೋದರೆ, ಹುದುಗಲು ಇಟ್ಟಿದ್ದ ದೋಸೆ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು, ಹಸಿವಾದವನಂತೆ ನಟಿಸುತ್ತ, ಡಬ್ಬಿಯಿಂದ ಖಾರದ ಅವಲಕ್ಕಿ ತೆಗೆದು ತಿನ್ನುತ್ತ ಕುಳಿತಿದ್ದ. ಅವನ ತಂಡದ ಇಬ್ಬರು ಹುಡುಗರಿಗೆ ಅದೇ ರಾತ್ರಿ ಕೋಚ್‌ಗಳ ಸಂದೇಶ ಬಂತಂತೆ. ಇವನಿಗೆ ಬೆಳಗಾಗುವವರೆಗೆ ಬಂದದ್ದು ಒಂದೇ ಸಂದೇಶ, ಅದೂ ಔಷಧಿ ಅಂಗಡಿಯದು. ಅಲ್ಲಿಂದ ಎರಡೂವರೆ ತಿಂಗಳು ಕಳೆದಿದೆ. ಒಂದು ಕಾಲೇಜೂ ವಿಚಾರಿಸಿಲ್ಲ.

ಕಳೆದ ಬೇಸಿಗೆಯಲ್ಲಿ ಟ್ರಾವೆಲ್ ತಂಡದ (ಊರೂರು ಸುತ್ತಿ ಆಡುವ ಖಾಸಗಿ ತಂಡ) ಶುಲ್ಕ, ಹೋಟೆಲು, ಪ್ರಯಾಣ ಎಲ್ಲ ಸೇರಿ ಏಳು ಸಾವಿರ ಡಾಲರ್ ದಾಟಿತು. ಈಗ ಜನವರಿಯಲ್ಲಿ ಫ್ಲಾರಿಡಾದಲ್ಲಿ ನಡೆಯುವ ಒಂದು ಶೋಕೇಸ್‌ಗೆ, ಅಂದರೆ ಕೋಚ್‌ಗಳ ಮುಂದೆ ಆಟ ತೋರಿಸುವ ಪ್ರದರ್ಶನಕ್ಕೆ, ಆಹ್ವಾನ ಬಂದಿದೆ. ಆಹ್ವಾನವೆಂದರೆ ದುಡ್ಡು ಕಟ್ಟಲು ಕೊಟ್ಟ ಆಹ್ವಾನವೇ. ಅದಕ್ಕೆ ಹೋಗದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಟ್ರಾವೆಲ್ ತಂಡದವರು ಹೇಳುತ್ತಾರೆ. ಬೆಂಗಳೂರಿನ ಲೀಗ್‌ಗಳಲ್ಲಿ ಕ್ರಿಕೆಟ್ ಆಡಿ ಬೆಳೆದ ನನ್ನ ಯಜಮಾನರು "ಇಷ್ಟು ಸಾಕು" ಎನ್ನುತ್ತಾರೆ. ನಾವು ತಡಮಾಡಿದೆವೇ? ಇನ್ನೊಂದು ಶೋಕೇಸ್‌ನಿಂದ ಏನಾದರೂ ಆಗುವುದುಂಟೇ? ಈ ಆಟದಿಂದ ಕಾಲೇಜಿನ ಖರ್ಚು ಇಳಿಯುತ್ತದೆ ಎಂದು ನಂಬಿಕೊಂಡಿರುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಡಗೌಟಿನ ತಂದೆ (ನ್ಯೂಜೆರ್ಸಿ)

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅಲ್ಲಿನ ತಪ್ಪು ತಿಳಿವಳಿಕೆಯೇ ಉಳಿದ ಖರ್ಚುಗಳನ್ನೆಲ್ಲ ಮಾಡಿಸುತ್ತದೆ. ನನ್ನ ಮಗ ಈಗ ಡಿವಿಷನ್ ಮೂರರ ಕಾಲೇಜೊಂದರಲ್ಲಿ ಎರಡನೇ ವರ್ಷದಲ್ಲಿದ್ದಾನೆ, ಸೆಕೆಂಡ್ ಬೇಸ್ ಆಡುತ್ತಾನೆ.

ಬೇಸ್‌ಬಾಲ್‌ಗೆ ಪೂರ್ಣ ಸ್ಕಾಲರ್‌ಶಿಪ್ ಎನ್ನುವುದು ಎಂದೂ ಸಾಮಾನ್ಯ ಸಂಗತಿಯಾಗಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಡಿವಿಷನ್ ಒಂದರ ಒಂದು ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್‌ಗಳು, ಅದನ್ನೇ ತುಂಡುಮಾಡಿ ತಂಡದ ಬಹಳಷ್ಟು ಹುಡುಗರಿಗೆ ಹಂಚುತ್ತಿದ್ದರು. ಹದಿನೈದು ಜನರಿಗೆ ಮಾಡಿದ ಅಡುಗೆಯನ್ನು ಮೂವತ್ತು ಜನರಿಗೆ ಬಡಿಸಿದಂತೆ. 2025ರ ಜೂನ್‌ನಲ್ಲಿ ಹೌಸ್ ಮೊಕದ್ದಮೆಯ (ಕಾಲೇಜು ಆಟಗಾರರಿಗೆ ಸಿಗುವ ಹಣದ ಬಗೆಗಿನ ದಾವೆ) ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ ಈ ಲೆಕ್ಕ ಬದಲಾಗಿದೆ. ಆ ರಾಜಿಗೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ 34 ಆಟಗಾರರ ಮಿತಿ ಬಂದಿದೆ, ಆ 34 ಮಂದಿಗೂ ಸ್ಕಾಲರ್‌ಶಿಪ್ ಕೊಡಬಹುದು. ಕೊಡಬಹುದು ಎಂದರೆ ಕೊಡುತ್ತಾರೆ ಎಂದಲ್ಲ. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ ಸುರಿದು ಉಳಿದ ಹಣದಲ್ಲಿ ಬೇಸ್‌ಬಾಲ್‌ಗೆ ಎಷ್ಟು ಎನ್ನುವುದು ಆಯಾ ಕಾಲೇಜಿನ ತಿಜೋರಿಗೆ ಬಿಟ್ಟ ವಿಚಾರ.

ನಿಮ್ಮ ಮಗನಂಥವರಿಗೆ ಇದರಲ್ಲಿ ಸಿಹಿಗಿಂತ ಕಹಿಯೇ ಹೆಚ್ಚು. ಮೊದಲಾದರೆ ದುಡ್ಡು ಕೊಡದಿದ್ದರೂ "ಬಾ, ತಂಡದಲ್ಲಿರು, ಬೆಳೆಸೋಣ" ಎಂದು ಕೋಚ್ ಹೇಳುವುದಿತ್ತು. ಈಗ ಒಂದೊಂದು ಜಾಗಕ್ಕೂ ಬೆಲೆ ಬಂದಿರುವುದರಿಂದ, 82 ಮೈಲಿ ಎಸೆಯುವ ಹದಿನೆಂಟರ ಹುಡುಗನನ್ನು ಎರಡು ವರ್ಷ ಸಾಕುವುದಕ್ಕಿಂತ, ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬರುವ ಇಪ್ಪತ್ತೊಂದರ ಪಳಗಿದ ಕೈಯನ್ನು ಕರೆದುಕೊಳ್ಳುವುದು ಅವರಿಗೆ ಸುಲಭ. ಆಗಸ್ಟ್ 1ರಂದು ಫೋನ್ ಸುಮ್ಮನಿದ್ದುದಕ್ಕೆ ಅರ್ಧ ಕಾರಣ ಇದೇ. ಅದನ್ನು ಅವನ ಯೋಗ್ಯತೆಯ ತೀರ್ಪು ಎಂದು ನೀವು ಓದಿಕೊಳ್ಳಬೇಡಿ, ಅವನೂ ಓದಿಕೊಳ್ಳದಂತೆ ನೋಡಿಕೊಳ್ಳಿ.

ದೇಶದಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಆಡುವ ನೂರು ಹುಡುಗರಲ್ಲಿ, ಈ ಮೂರು ಡಿವಿಷನ್‌ಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯ ಕಾಲೇಜುಗಳಲ್ಲಿ ಆಡುವವರು ಸುಮಾರು ಏಳು ಮಂದಿ. ಡಿವಿಷನ್ ಒಂದಕ್ಕೆ ಹೋಗುವವರು ಇಬ್ಬರು. ಆ ಇಬ್ಬರ ಸಾಲಿನಲ್ಲಿ ನಿಂತು ಉಳಿದ ಐವರ ಬಾಗಿಲನ್ನು ತಟ್ಟದೇ ಇರುವುದು ನಮ್ಮವರು ಮಾಡುವ ದೊಡ್ಡ ತಪ್ಪು. ನಾವೂ ಒಂದು ವರ್ಷ ಅದನ್ನೇ ಮಾಡಿದೆವು.

ಮೈಸೂರು ಮೇಷ್ಟ್ರು (ಕುವೆಂಪುನಗರ)

ನಿವೃತ್ತ ಗಣಿತದ ಮೇಷ್ಟ್ರಾದ ನನಗೆ ಈ ಆಟದ ಗಂಧವಿಲ್ಲ. ನನ್ನ ಮೊಮ್ಮಗನೂ ಟೆಕ್ಸಸ್‌ನಲ್ಲಿ ಇದನ್ನೇ ಆಡುತ್ತಾನೆ, ಆದ್ದರಿಂದ ಓದುತ್ತಿದ್ದೇನೆ. ನಮ್ಮಲ್ಲಿ ತಕ್ಕ ಮಟ್ಟದ ಕ್ರೀಡಾ ಪ್ರಮಾಣಪತ್ರವಿದ್ದರೆ ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟು ಕೇಳಬಹುದು. ಸೀಟು ಸಿಕ್ಕ ಮೇಲೆ ಹುಡುಗ ಮೈದಾನಕ್ಕೆ ಇಳಿಯದಿದ್ದರೂ ಕೇಳುವವರು ಕಡಿಮೆ. ಅಲ್ಲಿಯದೂ ಅಂಥದ್ದೇ ಒಂದು ಕೋಟಾ ಎಂದುಕೊಂಡಿದ್ದೆ. ಏಳು ಸಾವಿರ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದೆ, ಆಮೇಲೆ ಕಾಫಿ ಮಾಡಿಕೊಂಡು ಕುಡಿದೆ. ತಾಯೀ, ಒಂದು ಮಾತು ಬೇಸರಿಸಿಕೊಳ್ಳಬೇಡಿ: 3.9 ಅಂಕವಿರುವ ಹುಡುಗನಿಗೆ ಆ ದುಡ್ಡನ್ನು ಓದಿಗೇ ಇಟ್ಟರೆ ಒಳ್ಳೆಯದಲ್ಲವೇ? ನಮ್ಮವರಲ್ಲಿ ಈ ಆಟದಲ್ಲಿ ಮುಂದೆ ಬಂದವರು ಯಾರಾದರೂ ಇದ್ದಾರೆಯೇ?

ಹಳೆಯ ಕ್ಯಾಚರ್ (ಸ್ಯಾನ್ ಆಂಟೋನಿಯೊ, ಟೆಕ್ಸಸ್)

ಮೇಷ್ಟ್ರಿಗೆ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಇಲ್ಲಿ. ಕನ್ನಡ ಬರೆಯಲು ಕಲಿತದ್ದು ಅಜ್ಜಿಯ ಹತ್ತಿರ, ತಪ್ಪಿದ್ದರೆ ತಿದ್ದಿ. ಎರಡು ವರ್ಷ ಜೂನಿಯರ್ ಕಾಲೇಜಿನಲ್ಲಿ (ಇಲ್ಲಿ ಹೈಸ್ಕೂಲ್ ಮುಗಿದ ಮೇಲೆ ಸೇರುವ ಎರಡು ವರ್ಷದ ಕಾಲೇಜು), ಆಮೇಲೆ ಎರಡು ವರ್ಷ ಡಿವಿಷನ್ ಎರಡರಲ್ಲಿ ಕ್ಯಾಚರ್ ಆಗಿ, ಅಂದರೆ ವಿಕೆಟ್ ಕೀಪರ್‌ನಂತೆ ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವವನಾಗಿ, ಆಡಿದೆ. ಈಗ ವಿಮಾ ಕಂಪನಿಯೊಂದರಲ್ಲಿ ಕೆಲಸ.

ನಮ್ಮವರಿದ್ದಾರೆ ಸರ್. ತಾಯಿಯ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪಿಚರ್ ಆಗಿದ್ದಾಗ, 2019ರಲ್ಲಿ ಡ್ಯೂಕ್ ವಿರುದ್ಧದ ಸೂಪರ್ ರೀಜನಲ್ (ರಾಷ್ಟ್ರೀಯ ಟೂರ್ನಿಯ ಒಂದು ಘಟ್ಟ) ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡದೆ 19 ಸ್ಟ್ರೈಕ್‌ಔಟ್ ಮಾಡಿದರು. ಹೈಸ್ಕೂಲ್ ಮುಗಿದಾಗ 2018ರಲ್ಲಿ, ಮೇಜರ್ ಲೀಗ್ ತಂಡಗಳು ಸುತ್ತುಸುತ್ತಾಗಿ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಕೊಲರಾಡೊ ರಾಕೀಸ್ ತಂಡ ಅವರನ್ನು ಆರಿಸಿದ್ದು 38ನೇ ಸುತ್ತಿನಲ್ಲಿ. ಅದನ್ನು ಬಿಟ್ಟು ಕಾಲೇಜಿಗೆ ಹೋದರು. ಅರ್ಜುನ್ ನಿಮ್ಮಲ ತದ್ವಿರುದ್ಧ: ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದರೂ, 2023ರಲ್ಲಿ ಟೊರೊಂಟೊ ಬ್ಲೂ ಜೇಸ್ ಮೊದಲ ಸುತ್ತಿನಲ್ಲೇ ಆರಿಸಿದಾಗ, ಹದಿನೇಳರ ವಯಸ್ಸಿನಲ್ಲಿ ನೇರವಾಗಿ ವೃತ್ತಿಪರ ಆಟಕ್ಕೆ ಹೋದರು. ಆದರೆ ಆಂಟಿ, ಈ ಹೆಸರುಗಳನ್ನು ಮೇಷ್ಟ್ರ ಪ್ರಶ್ನೆಗಾಗಿ ಹೇಳಿದೆ, ನಿಮ್ಮ ಮಗನ ದಾರಿಗೂ ಅವಕ್ಕೂ ಸಂಬಂಧವಿಲ್ಲ. ಅವನ ದಾರಿ ನನ್ನಂಥವರದು.

ಮೇಷ್ಟ್ರು ಹೇಳಿದ ಕೋಟಾ ಇಲ್ಲಿಲ್ಲ. ಇಲ್ಲಿ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಒಬ್ಬ ಕೋಚ್ ತನ್ನ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳಬೇಕು, ಮುಂದಿನ ವರ್ಷವೂ ಅಳಿಸದೆ ಇರಬೇಕು. ನಾನು ಜೂನಿಯರ್ ಕಾಲೇಜಿಗೆ ಸೇರಿದ ಶರತ್ಕಾಲದಲ್ಲಿ ಲಾಕರ್ ಕೋಣೆಯಲ್ಲಿ ನಲವತ್ತೆಂಟು ಹುಡುಗರಿದ್ದೆವು, ಐವರು ಕ್ಯಾಚರ್‌ಗಳು. ಲಾಕರ್‌ಗಳು ಸಾಲದೆ ನಮ್ಮಿಬ್ಬರಿಗೆ ತೊಳೆಯುವ ಯಂತ್ರದ ಮೇಲಿನ ಹಲಗೆಯನ್ನು ಕೊಟ್ಟಿದ್ದರು. ಡಿಸೆಂಬರಿನಲ್ಲಿ ಮನೆಗೆ ಹೋದ ಹಲವರು ಜನವರಿಯಲ್ಲಿ ಬರಲಿಲ್ಲ, ಆಗ ನನಗೊಂದು ಲಾಕರ್ ಸಿಕ್ಕಿತು. ಅದರ ಬಾಗಿಲಿನ ಒಳಗೆ ಹಿಂದಿನವನು ಅಂಟಿಸಿದ್ದ ಅವನ ತಂಗಿಯ ಫೋಟೊ ಇನ್ನೂ ಇತ್ತು. ಅವನ ವಿಳಾಸ ಹುಡುಕಿ ಕಳುಹಿಸಿಕೊಟ್ಟೆ.

ಈ ಕಾರಣಕ್ಕೆ, ಯಾವ ಕೋಚ್ ಕರೆದರೂ ನಿಮ್ಮ ಮಗ ಕೇಳಬೇಕಾದ ಪ್ರಶ್ನೆಗಳು ಇವು: ಈಗ ತಂಡದಲ್ಲಿ ಎಡಗೈ ಪಿಚರ್‌ಗಳು ಎಷ್ಟಿದ್ದಾರೆ, ಅವರಲ್ಲಿ 2027ರಲ್ಲಿ ಹೊರಗೆ ಹೋಗುವವರು ಎಷ್ಟು, ಕಳೆದ ವರ್ಷ ಸೇರಿದ ಮೊದಲ ವರ್ಷದವರಲ್ಲಿ ಈ ವರ್ಷ ಉಳಿದವರು ಎಷ್ಟು. ಕೊನೆಯ ಪ್ರಶ್ನೆಗೆ ಕೋಚ್ ಉತ್ತರಿಸುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ. ಕೇಳಲು ನಾಚಿಕೆಯಾದರೆ ಕಾಲೇಜಿನ ಜಾಲತಾಣದಲ್ಲಿ ಎರಡು ವರ್ಷಗಳ ತಂಡದ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ನಾನು ನೋಡದೆ ಹೋದೆ.

ಜೂನಿಯರ್ ಕಾಲೇಜನ್ನು ನಮ್ಮ ಮನೆಗಳಲ್ಲಿ ಕೀಳಾಗಿ ಕಾಣುತ್ತಾರೆ, ನನ್ನ ಅಪ್ಪ ಆರು ತಿಂಗಳು ಯಾರಿಗೂ ಹೆಸರು ಹೇಳಲಿಲ್ಲ. ಆದರೆ ಶುಲ್ಕ ಕಡಿಮೆ, ಪಂದ್ಯಗಳು ಹೆಚ್ಚು, ಎರಡು ವರ್ಷದಲ್ಲಿ ದೇಹ ಬಲಿಯುತ್ತದೆ. ನಿಮ್ಮ ರಾಜ್ಯದಲ್ಲೇ ವಿಂಟರ್‌ವಿಲ್‌ನ ಪಿಟ್ ಕಮ್ಯುನಿಟಿ ಕಾಲೇಜಿನ ತಂಡ ಒಳ್ಳೆಯ ಹೆಸರು ಮಾಡಿದೆ.

ಎಡಗೈಯವನ ಅಮ್ಮ

ನಿಮ್ಮೆಲ್ಲರಿಗೂ ಧನ್ಯವಾದಗಳು. ಮೇಷ್ಟ್ರೇ, ಬೇಸರವೇನಿಲ್ಲ, ನನ್ನ ಮಾವನವರೂ ಅದನ್ನೇ ಕೇಳುತ್ತಾರೆ. ಆದರೆ ಈ ಆಟ ಇಲ್ಲದಿದ್ದರೆ ಅವನು 3.9 ತೆಗೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಅಭ್ಯಾಸಕ್ಕೆ ಹೋಗಬೇಕೆಂಬ ಒಂದೇ ಕಾರಣಕ್ಕೆ ಮಧ್ಯಾಹ್ನವೇ ಹೋಂವರ್ಕ್ ಮುಗಿಸುವವನು ಅವನು.

ಮೊದಲ ಬರಹದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ಬೆಂಡೆಕಾಯಿ ಹುಡುಕಲೆಂದು ಫ್ರೀಜರ್ ತೆಗೆದಾಗ ಹಿಂದಿನ ಸಾಲಿನಲ್ಲಿ ಕಾಗದದ ಲೋಟಗಳಲ್ಲಿ ನೀರು ತುಂಬಿ ಗಟ್ಟಿಮಾಡಿ ಇಟ್ಟಿದ್ದು ಕಂಡಿತು, ಏಳೆಂಟು ಇದ್ದವು. ಕಾಗದ ಸುಲಿದು ಮೊಣಕೈಯ ಒಳಭಾಗಕ್ಕೆ ಉಜ್ಜಿಕೊಳ್ಳುತ್ತಿದ್ದನಂತೆ. "ಎಲ್ಲರೂ ಮಾಡುತ್ತಾರಮ್ಮ" ಎಂದ. ಶಾಲೆಯ ತಂಡ ಮುಗಿದ ವಾರವೇ ಟ್ರಾವೆಲ್ ತಂಡ ಶುರುವಾಗಿತ್ತು, ಈಗ ಶರತ್ಕಾಲದ ಪಂದ್ಯಗಳೂ ಇವೆ. ಇದು ಹೇಳಿಕೊಳ್ಳುವಷ್ಟು ದೊಡ್ಡದೋ ಅಲ್ಲವೋ ತಿಳಿಯದು.

ಫಿಸಿಯೊ (ಕ್ಲೀವ್‌ಲ್ಯಾಂಡ್)

ಮೇಡಂ, ಇದು ದೊಡ್ಡದು. ಇದನ್ನೇ ಮೊದಲು ಬರೆಯಬೇಕಿತ್ತು.

ಮಂಗಳೂರಿನಲ್ಲಿ ಓದಿ, ಹನ್ನೆರಡು ವರ್ಷಗಳಿಂದ ಇಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ನನ್ನ ಬಳಿಗೆ ಬರುವ ಹುಡುಗರಲ್ಲಿ ಪಿಚರ್‌ಗಳೇ ಹೆಚ್ಚು. ಮೊಣಕೈಯ ಒಳಭಾಗದಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್ ಇದೆ. ತಲೆಯ ಮೇಲಿಂದ ವೇಗವಾಗಿ ಎಸೆಯುವಾಗ ಮುಂಗೈ ಹಿಂದಕ್ಕೆ ಬಾಗಿ ತಟ್ಟನೆ ಮುಂದಕ್ಕೆ ತಿರುಗುವ ಕ್ಷಣದಲ್ಲಿ ಅದರ ಮೇಲೆ ಬೀಳುವ ಎಳೆತ ಬಹಳ ದೊಡ್ಡದು. ಕ್ರಿಕೆಟ್ ಬೌಲರ್ ಕೈಯನ್ನು ನೆಟ್ಟಗೆ ಇಟ್ಟು ತಿರುಗಿಸುವುದರಿಂದ ಅವನ ಬೆನ್ನು ಸವೆಯುತ್ತದೆ. ಪಿಚರ್ ಮೊಣಕೈ ಮಡಿಚಿ ಎಸೆಯುವುದರಿಂದ ಅವನ ಮೊಣಕೈ ಸವೆಯುತ್ತದೆ. ನಿಮ್ಮ ಯಜಮಾನರ ಅನುಭವ ಇಲ್ಲಿ ನೆರವಿಗೆ ಬಾರದಿರುವುದು ಇದೇ ಕಾರಣಕ್ಕೆ.

ಆ ಲಿಗಮೆಂಟ್ ಹರಿದರೆ ಮಾಡುವ ಶಸ್ತ್ರಚಿಕಿತ್ಸೆಗೆ ಟಾಮಿ ಜಾನ್ ಎಂಬ ಆಟಗಾರರ ಹೆಸರೇ ನಿಂತಿದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ವೈದ್ಯರು ಜಾನ್ ಅವರ ಬಲಗೈಯ ಒಂದು ಸ್ನಾಯುರಜ್ಜನ್ನು ತೆಗೆದು ಎಡ ಮೊಣಕೈಗೆ ಕಟ್ಟಿದರು. ಜಾನ್ ಅವರೂ ಎಡಗೈ ಪಿಚರ್, 1976ರಲ್ಲಿ ಮರಳಿ ಆಡಿದರು. ಆ ಕಥೆ ಕೇಳಿದ ಅನೇಕ ತಂದೆತಾಯಿಯರು ಇದನ್ನು ಹಲ್ಲು ತುಂಬಿಸಿಕೊಂಡಷ್ಟೇ ಸಲೀಸು ಎಂದುಕೊಂಡಿದ್ದಾರೆ. ಪಿಚರ್ ಮರಳಿ ಪೂರ್ಣವಾಗಿ ಎಸೆಯಲು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. 2007ರಿಂದ 2011ರವರೆಗೆ ಅಮೆರಿಕದಲ್ಲಿ ನಡೆದ ಈ ಶಸ್ತ್ರಚಿಕಿತ್ಸೆಗಳ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹದಿನೈದರಿಂದ ಹತ್ತೊಂಬತ್ತರ ಪ್ರಾಯದವರೇ ಆಗಿದ್ದರು. ಮೇಲೆ ಹೆಸರಿಸಿದ ರಾಕರ್ ಅವರಿಗೂ 2023ರಲ್ಲಿ ಇದೇ ಆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಮೊದಲ ಪಂದ್ಯ ಆಡಿದರು. ಅವರ ಹಿಂದೆ ಒಂದು ಕ್ಲಬ್ಬಿನ ವೈದ್ಯಕೀಯ ಪಡೆಯೇ ಇತ್ತು, ನಿಮ್ಮ ಹಿಂದೆ ಇರುವುದು ವಿಮಾ ಕಂಪನಿಯ ಫೋನ್ ಸಂಖ್ಯೆ.

ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಹೊರತಂದ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ಇದೆ. ಹದಿನಾರರ ಹುಡುಗನಿಗೆ ದಿನಕ್ಕೆ 95 ಎಸೆತಗಳ ಮಿತಿ, 75 ದಾಟಿದರೆ ನಾಲ್ಕು ದಿನ ವಿರಾಮ. ವರ್ಷದಲ್ಲಿ ನಾಲ್ಕು ತಿಂಗಳು ಸ್ಪರ್ಧೆಯ ಪಿಚಿಂಗ್ ಬೇಡ, ಅದರಲ್ಲಿ ಎರಡು ಮೂರು ತಿಂಗಳು ತಲೆಯ ಮೇಲಿಂದ ಏನನ್ನೂ ಎಸೆಯಬಾರದು. ತೊಡಕು ಬರುವುದು ಲೆಕ್ಕ ಇಡುವುದರಲ್ಲಿ. ಶಾಲೆಯ ಕೋಚ್ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಟ್ರಾವೆಲ್ ತಂಡದವರು ತಮ್ಮದರಲ್ಲಿ. ತೋಳು ಮಾತ್ರ ಒಂದೇ. ಆದ್ದರಿಂದ ಮನೆಯ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ.

ಜನವರಿಯ ಶೋಕೇಸ್‌ನಲ್ಲಿ ಅವನು ವೇಗಮಾಪಕದ ಮುಂದೆ ನಿಂತು ಮೈಯ ಬಲವನ್ನೆಲ್ಲ ಹಾಕಿ ಎಸೆಯುತ್ತಾನೆ, ವಿಶ್ರಾಂತಿಯಲ್ಲಿರಬೇಕಾದ ಕಾಲದಲ್ಲಿ. ದುಡ್ಡಿನ ಮಾತು ಒತ್ತಟ್ಟಿಗಿರಲಿ, ಈ ಕಾರಣಕ್ಕೇ ನಾನು ಬೇಡ ಎನ್ನುತ್ತೇನೆ. ಈ ವಾರವೇ ಕ್ರೀಡಾ ವೈದ್ಯರಿಗೆ ತೋರಿಸಿ. ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದಿ ಯಾರೂ ಮೊಣಕೈಯ ರೋಗ ನಿರ್ಣಯ ಮಾಡಲಾರರು, ನಾನೂ ಸೇರಿದಂತೆ.

ಎಚ್-4 ಚಿಂತೆಯವರು (ಫೀನಿಕ್ಸ್)

ನಮ್ಮ ಮಗನಿಗೂ ಇದೇ ಆಸೆ, ಆದರೆ ನಮ್ಮ ಗ್ರೀನ್ ಕಾರ್ಡ್ ಸರದಿ ಯಾವಾಗ ಬರುವುದೋ ದೇವರೇ ಬಲ್ಲ. ಅವನು ಎಚ್-4ರಲ್ಲಿದ್ದಾನೆ (ಉದ್ಯೋಗ ವೀಸಾದವರ ಮನೆಯವರಿಗೆ ಸಿಗುವ ಅವಲಂಬಿತ ವೀಸಾ), ಇಪ್ಪತ್ತೊಂದು ತುಂಬಿದರೆ ಅದೂ ಇಲ್ಲ. ಇಂಥವರಿಗೆ ಆಟದ ಸ್ಕಾಲರ್‌ಶಿಪ್ ಸಿಗುವುದುಂಟೇ?

ಡಗೌಟಿನ ತಂದೆ

ಉಂಟು ಸರ್. ಆಟದ ಸ್ಕಾಲರ್‌ಶಿಪ್ ಕಾಲೇಜು ಕೊಡುವ ಹಣ, ಅದಕ್ಕೆ ಪೌರತ್ವದ ಷರತ್ತಿಲ್ಲ. ಸಿಗದೇ ಇರುವುದು ಫೆಡರಲ್ ಸರ್ಕಾರದ ನೆರವು. ಮನೆಯ ಆದಾಯ ನೋಡಿ ಕೊಡುವ ನೆರವು ಬಹುಪಾಲು ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಕಡಿಮೆ. ಎಂಐಟಿ, ಆಮ್ಹರ್ಸ್ಟ್ ಮುಂತಾದ ಕೆಲವೇ ಕಾಲೇಜುಗಳು ಪ್ರವೇಶದ ತೀರ್ಮಾನದಲ್ಲಿ ಹಣದ ಸ್ಥಿತಿಯನ್ನು ಯಾರ ವಿಷಯದಲ್ಲೂ ನೋಡುವುದಿಲ್ಲ. ಎರಡೂ ಡಿವಿಷನ್ ಮೂರರ ತಂಡಗಳೇ, ಒಳಗೆ ಹೋಗುವುದು ಮಾತ್ರ ಬಲು ಕಷ್ಟ. ಅಂದ ಹಾಗೆ ಅಮೆರಿಕದ ಕಾಲೇಜುಗಳ ನಡುವಿನ ಮೊದಲ ಬೇಸ್‌ಬಾಲ್ ಪಂದ್ಯವನ್ನು 1859ರಲ್ಲಿ ವಿಲಿಯಮ್ಸ್ ಕಾಲೇಜಿನ ವಿರುದ್ಧ ಗೆದ್ದದ್ದು ಇದೇ ಆಮ್ಹರ್ಸ್ಟ್, ಅಂಕ 73-32. ವೀಸಾ ಬದಲಾವಣೆಯ ವಿಚಾರಕ್ಕೆ ವಕೀಲರನ್ನೇ ಕೇಳಿ, ವೇದಿಕೆಯ ಮಾತು ನಂಬಬೇಡಿ.

ಇನ್ನು ಮೇಡಂ ಅವರ ವಿಷಯ. ವೈದ್ಯರು ಏನು ಹೇಳುತ್ತಾರೋ ಅದು ಮೊದಲು. ಅದು ಸರಿಯಾಗಿದೆ ಎಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಮಗನ ದೊಡ್ಡ ಆಸ್ತಿ ಆ 3.9. ಎನ್‌ಸಿಎಎಯ ಅರ್ಹತೆಗೆ ಬೇಕಾಗುವುದು ಹೈಸ್ಕೂಲಿನ 16 ಮುಖ್ಯ ಪಠ್ಯಗಳು ಮತ್ತು ಡಿವಿಷನ್ ಒಂದಕ್ಕೆ 2.3 ಜಿಪಿಎ ಅಷ್ಟೇ. 16ರಲ್ಲಿ ಹತ್ತನ್ನು ಹನ್ನೆರಡನೇ ತರಗತಿಗೆ ಮುಂಚೆಯೇ ಮುಗಿಸಿರಬೇಕು ಎನ್ನುವುದನ್ನು ಮಾತ್ರ ಶಾಲೆಯ ಕೌನ್ಸೆಲರ್ ಜೊತೆ ಕುಳಿತು ನೋಡಿಕೊಳ್ಳಿ. ಆದರೆ ಡಿವಿಷನ್ ಮೂರರಲ್ಲಿ ಆ ಅಂಕಗಳೇ ಹಣ. ಅಲ್ಲಿ ಆಟಕ್ಕೆಂದು ಒಂದು ಡಾಲರೂ ಕೊಡುವಂತಿಲ್ಲ, ಓದಿಗೆ ಮತ್ತು ಮನೆಯ ಸ್ಥಿತಿಗೆ ಧಾರಾಳವಾಗಿ ಕೊಡಬಹುದು. ನಮಗೆ ಡಿವಿಷನ್ ಎರಡರ ಒಂದು ಕಾಲೇಜು ಆಟದ ಸ್ಕಾಲರ್‌ಶಿಪ್ ಎಂದು ವರ್ಷಕ್ಕೆ ಮೂರು ಸಾವಿರ ಡಾಲರ್ ಕೊಡಲು ಬಂದಿತ್ತು. ಆಟದ ಹೆಸರೇ ಎತ್ತದ ಡಿವಿಷನ್ ಮೂರರ ಕಾಲೇಜು ಓದಿನ ಹೆಸರಿನಲ್ಲಿ ಅದರ ಏಳರಷ್ಟು ಕೊಟ್ಟಿತು. ಆದರೂ "ಸ್ಕಾಲರ್‌ಶಿಪ್ ಆಟಗಾರ" ಎಂದು ಹೇಳಿಕೊಳ್ಳುವ ಚಪಲಕ್ಕೆ ನಾನು ಒಂದು ವಾರ ತೂಗಾಡಿದೆ. ಹೆಂಡತಿ ಲೆಕ್ಕದ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದಳು, ಅಲ್ಲಿಗೆ ಮುಗಿಯಿತು.

ನಿಮ್ಮ ಮನೆಯಿಂದ ಒಂದು ದಿನದ ಹಾದಿಯಲ್ಲೇ ಎಮರಿ, ಜಾನ್ಸ್ ಹಾಪ್ಕಿನ್ಸ್, ವಾಷಿಂಗ್ಟನ್ ಅಂಡ್ ಲೀ ಇವೆ. ಮೂರೂ ಡಿವಿಷನ್ ಮೂರು, ಮೂರೂ ಓದಿಗೆ ಹೆಸರಾದವು. ಇವು ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಜಾನ್ಸ್ ಹಾಪ್ಕಿನ್ಸ್‌ನ ಬೇಸ್‌ಬಾಲ್ ತಂಡ ಬಹಳ ಬಲಿಷ್ಠವಾದದ್ದು. ಇನ್ನೊಂದು ತುದಿಯಲ್ಲಿ ಕ್ಯಾಲ್‌ಟೆಕ್ ಇದೆ, 228 ಪಂದ್ಯಗಳನ್ನು ಸತತವಾಗಿ ಸೋತು 2013ರಲ್ಲಿ ಒಂದು ಗೆದ್ದ ತಂಡ. ಅಲ್ಲಿ ಆಡಿದ ಹುಡುಗರು ಆಟವನ್ನು ಎಷ್ಟು ಪ್ರೀತಿಸಿರಬೇಕೆಂದು ನಾನು ಆಗಾಗ ಯೋಚಿಸುತ್ತೇನೆ. ಐವಿ ಲೀಗ್‌ನ ಎಂಟೂ ಡಿವಿಷನ್ ಒಂದರವು, ಅಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ.

ದಾರಿ ಹೀಗೆ: ಡಿವಿಷನ್ ಮೂರರ ಕೋಚ್‌ಗಳಿಗೆ ಪತ್ರ ಬರೆಯಲು ಆಗಸ್ಟ್ 1ರಂಥ ಕಟ್ಟುಪಾಡಿಲ್ಲ, ಆದ್ದರಿಂದ ತಡವಾಗಿಲ್ಲ. ಪತ್ರವನ್ನು ಹುಡುಗನೇ ಬರೆಯಬೇಕು. ನೀವು ಬರೆದು ಅವನ ಹೆಸರು ಹಾಕಿದರೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ ಎಂದು ನಮ್ಮ ಮಗನ ಕೋಚ್ ನಗುತ್ತ ಹೇಳಿದ್ದರು. ವಿಷಯದ ಸಾಲಿನಲ್ಲೇ ಎಡಗೈ ಪಿಚರ್, 2027, ವೇಗ, ಜಿಪಿಎ ಇರಲಿ. ಎರಡು ನಿಮಿಷ ಮೀರದ ವಿಡಿಯೊ, ಅದಕ್ಕೆ ಸಂಗೀತ ಬೇಡ. ಬ್ಯಾಟುಗಾರನ ವಿರುದ್ಧ ಎಸೆದದ್ದು ಇರಲಿ, ಬರೀ ಬಲೆಗೆ ಎಸೆದದ್ದಲ್ಲ. ಆ ಕಾಲೇಜಿಗೇ ಏಕೆ ಬರೆಯುತ್ತಿದ್ದಾನೆ ಎನ್ನುವುದಕ್ಕೆ ಒಂದು ನಿಜವಾದ ವಾಕ್ಯವಿರಲಿ. ಕೋಚ್‌ಗೆ ಮನಸ್ಸಾದರೆ ಮುಂದಿನ ಬೇಸಿಗೆಯಲ್ಲಿ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ತೋರಿಸಿ ಮುಂಚಿತವಾಗಿಯೇ ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ಪ್ರೀ-ರೀಡ್ ಎನ್ನುತ್ತಾರೆ. ಅಲ್ಲಿಂದ ಹಸಿರು ನಿಶಾನೆ ಬಂದ ಮೇಲಷ್ಟೇ ಮಾತು ಗಟ್ಟಿಯಾಗುತ್ತದೆ.

ಶೋಕೇಸ್‌ನ ಬದಲು, ಅವನು ಆರಿಸಿಕೊಂಡ ಕಾಲೇಜುಗಳು ತಮ್ಮ ಮೈದಾನದಲ್ಲೇ ನಡೆಸುವ ಒಂದೆರಡು ಶಿಬಿರಗಳಿಗೆ ಬೇಸಿಗೆಯಲ್ಲಿ ಕಳುಹಿಸಿ. ಅದೂ ಕೋಚ್ ಉತ್ತರ ಬರೆದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಶಿಬಿರದ ಸಾಮೂಹಿಕ ಮಿಂಚಂಚೆಯನ್ನು ಕೋಚ್‌ನ ಒಲವೆಂದು ತಿಳಿದು ನಾವು ಮೂರು ಊರು ಸುತ್ತಿದ್ದೇವೆ.

ಹಳೆಯ ಕ್ಯಾಚರ್

ಒಂದು ಸೇರ್ಪಡೆ. ವಸಂತದಲ್ಲಿ ಯಾವುದಾದರೂ ಕೋಚ್ ನೋಡಲು ಬಂದರೆ ಅವರು ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಪಂದ್ಯಕ್ಕೆ ಮುಂಚೆ ಎಸೆದು ತಯಾರಾಗುವ ಜಾಗ) ನಿಂತು ವೇಗ ನೋಡಿಕೊಂಡು ಹೋಗಿಬಿಡುತ್ತಾರೆ ಎಂದುಕೊಳ್ಳಬೇಡಿ ಆಂಟಿ. ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಚೆಂಡು ಬಿಟ್ಟಾಗ ಪಿಚರ್ ಮುಖ ಹೇಗಿತ್ತು, ಬದಲಿ ಪಿಚರ್ ಬಂದಾಗ ಚೆಂಡನ್ನು ಕೋಚ್‌ನ ಕೈಗೆ ಕೊಟ್ಟನೋ ನೆಲಕ್ಕೆ ಬಿಟ್ಟನೋ, ಇವನ್ನೂ ನೋಡುತ್ತಾರೆ. ಎರಡು ವರ್ಷ ಅವರೊಡನೆ ಬಸ್ಸಿನಲ್ಲಿ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಇನ್ನು 82 ಮೈಲಿ ಇಂದಿನ ಸಂಖ್ಯೆ. ಚೆನ್ನಾಗಿ ಉಂಡು, ಕಾಲಿಗೆ ಬಲ ತಂದುಕೊಂಡು, ತೋಳಿಗೆ ವಿರಾಮ ಕೊಟ್ಟ ಹುಡುಗ ಹದಿನೆಂಟಕ್ಕೆ 85 ಎಸೆದರೆ ಆಶ್ಚರ್ಯವೇನೂ ಇಲ್ಲ. ಎಡಗೈಗೆ ಅದು ಸಾಕಷ್ಟು ಬಾಗಿಲು ತೆರೆಯುತ್ತದೆ.

ಮೈಸೂರು ಮೇಷ್ಟ್ರು

ಎಲ್ಲವನ್ನೂ ಎರಡು ಸಲ ಓದಿದೆ. ಸ್ಕಾಲರ್‌ಶಿಪ್ 11.7 ಎಂಬ ದಶಮಾಂಶವನ್ನು ಕಂಡುಹಿಡಿದ ಮಹಾಶಯ ಯಾರೋ, ನನ್ನ ಶಿಷ್ಯನಂತೂ ಅಲ್ಲ. ಮೊಮ್ಮಗನಿಗೆ ಫೋನ್ ಮಾಡಿ ಮೊಣಕೈ ನೋವುಂಟೇ ಎಂದು ಕೇಳಿದೆ. "ತಾತ, ನಾನು ಔಟ್‌ಫೀಲ್ಡರ್" ಎಂದ. ಅದು ಏನೆಂದು ಹೇಳಿಸಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಅವನು ನನ್ನೊಡನೆ ಅಷ್ಟು ಹೊತ್ತು ಮಾತನಾಡಿದ್ದು ಇದೇ ಮೊದಲು.

ಎಡಗೈಯವನ ಅಮ್ಮ | ಜನವರಿ 2026

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ವೈದ್ಯರು ಎಂಆರ್‌ಐ ಮಾಡಿಸಿದರು. ಲಿಗಮೆಂಟ್ ಹರಿದಿಲ್ಲ, ಅದರ ಸುತ್ತಲ ಭಾಗ ದಣಿದು ಊದಿಕೊಂಡಿದೆ ಎಂದರು. ಫೆಬ್ರವರಿಯವರೆಗೆ ಚೆಂಡು ಮುಟ್ಟುವಂತಿಲ್ಲ. ಮೊದಲ ವಾರ ಅವನು ನನ್ನೊಡನೆ ಮಾತು ಬಿಟ್ಟ. ಶರತ್ಕಾಲದ ಉಳಿದ ಪಂದ್ಯಗಳನ್ನು ಬಿಡಿಸಿದೆವು, ಫ್ಲಾರಿಡಾಕ್ಕೆ ದುಡ್ಡು ಕಟ್ಟಲಿಲ್ಲ. "ಇನ್ನು ಅವನ ಭವಿಷ್ಯಕ್ಕೆ ನಾವು ಹೊಣೆಯಲ್ಲ" ಎಂದು ಟ್ರಾವೆಲ್ ತಂಡದವರು ಬರೆದರು. ಯಜಮಾನರು ಅದಕ್ಕೆ ಉತ್ತರ ಬರೆಯುತ್ತೇನೆಂದು ಕುಳಿತವರನ್ನು ನಾನೇ ತಡೆದೆ.

ಕ್ರಿಸ್‌ಮಸ್ ರಜೆಯಲ್ಲಿ ಅವನೇ ಇಪ್ಪತ್ತನಾಲ್ಕು ಕಾಲೇಜುಗಳ ತಂಡದ ಪಟ್ಟಿಗಳನ್ನು ಇಟ್ಟುಕೊಂಡು, ಎಡಗೈಯವರು ಎಷ್ಟು, ಹೊರಹೋಗುವವರು ಎಷ್ಟು ಎಂದು ಒಂದು ಕೋಷ್ಟಕ ಮಾಡಿದ. ಹದಿನೆಂಟು ಕಾಲೇಜುಗಳಿಗೆ ಪತ್ರ ಬರೆದ. ಹನ್ನೊಂದು ಕಡೆಯಿಂದ ಏನೂ ಇಲ್ಲ, ನಾಲ್ಕು ಕಡೆಯಿಂದ ಶಿಬಿರದ ಜಾಹೀರಾತು, ಎರಡು ಕಡೆಯಿಂದ "ನಮಗೆ ಎಡಗೈಯವರು ಸಾಕಷ್ಟಿದ್ದಾರೆ" ಎಂಬ ಉತ್ತರ. ಡಿವಿಷನ್ ಮೂರರ ಒಂದು ಕಾಲೇಜಿನ ಕೋಚ್ ಮಾತ್ರ, ವಿಡಿಯೊ ಆಗಸ್ಟಿನದು, ಆಮೇಲೆ ಏಕೆ ಆಡಿಲ್ಲ ಎಂದು ಕೇಳಿದ್ದರು. ನಾವು ನೋವಿನ ವಿಷಯ ಹೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿರುವಾಗಲೇ ಅವನು ವೈದ್ಯರು ಹೇಳಿದ್ದನ್ನೆಲ್ಲ ಬರೆದು ಕಳುಹಿಸಿಬಿಟ್ಟಿದ್ದ. ಮರುದಿನ ಉತ್ತರ ಬಂತು: ಅವಸರ ಮಾಡಬೇಡ, ಮಾರ್ಚ್ ತಿಂಗಳ ನಿಮ್ಮ ಶಾಲೆಯ ಪಂದ್ಯಗಳ ಪಟ್ಟಿಯನ್ನೂ ಅಂಕಪಟ್ಟಿಯನ್ನೂ ಕಳುಹಿಸು.

ಒಂದು ಸಣ್ಣ ಪ್ರಶ್ನೆ. ಅಂಕಪಟ್ಟಿಯನ್ನು ಶಾಲೆಯ ಕಚೇರಿಯಿಂದಲೇ ಮೊಹರು ಹಾಕಿಸಿ ಕಳುಹಿಸಬೇಕೇ, ಅಥವಾ ಅವನು ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್ ಸಾಕೇ?

ಡಗೌಟಿನ ತಂದೆ

ಈಗ ಪಿಡಿಎಫ್ ಸಾಕು ಮೇಡಂ. ಹನ್ನೆರಡನೇ ತರಗತಿಗೆ ಅವನು ಆರಿಸಿಕೊಳ್ಳಲಿರುವ ವಿಷಯಗಳ ಪಟ್ಟಿಯನ್ನೂ ಅದರ ಕೆಳಗೆ ಸೇರಿಸಲಿ, ಪ್ರೀ-ರೀಡ್ ಹೊತ್ತಿಗೆ ಅದನ್ನು ಖಂಡಿತ ಕೇಳುತ್ತಾರೆ. ಮೊಹರಿನದು ಜುಲೈನಲ್ಲಿ ಬೇಕಾಗಬಹುದು. ಆಗ ಶಾಲೆಯ ಕಚೇರಿ ರಜೆಯಲ್ಲಿರುತ್ತದೆ, ಜೂನ್ ಮೊದಲ ವಾರದಲ್ಲೇ ಎರಡು ಪ್ರತಿ ತೆಗೆಸಿಟ್ಟುಕೊಳ್ಳಿ.